ಸೊನ್ನೆ ಯಾವ ಮಹಡಿ?

“ನಕ್ಷೇಲಿ ಈ ಆಸ್ಪತ್ರೆ ಮಹಡಿ ನಂಬರು ಬರೀತಿರೋದು ನೀವೇನಾ?”

ಲಿಫ್ಟಿಗೆ ಅಡ್ಡ ನಿಂತು ಕೇಳಿದವನು ಲಿಫ್ಟ್ ಮೆಕ್ಯಾನಿಕ್. ಅವಳ ಫೋನಿನಲ್ಲಿ ಅದೇ ನಕ್ಷೆ ತೆರೆದಿತ್ತು.

“ಹೌದು. ಏನೀಗ?”

“ಎಲ್ಲಾ ತಪ್ಪು. ನೋಡದೆ ಬರೆಯೋ ಚಟ ಬಿಡಿ.”

ಅವಳಿಗೆ ಮೈಯೆಲ್ಲ ಉರಿಯಿತು. ಓಹೋ, ಇವನೇನಾ ಅವನು! ಯಾರು ಬೇಕಾದರೂ ತಿದ್ದಬಹುದಾದ ಆ ನಕ್ಷೆಯಲ್ಲಿ, ಬಿಡುವಾದಾಗಲೆಲ್ಲ ಕೂತು ಅವಳು ಒಂದೊಂದು ಕೋಣೆಗೂ ಮಹಡಿ ಗುರುತಿಸಿದ್ದಳು. ಹತ್ತೊಂಬತ್ತು ದಿನಗಳಿಂದ ಯಾರೋ ಅಳಿಸುತ್ತಿದ್ದರು. ಹಟಕ್ಕೆ ಬಿದ್ದು ಅವಳು ಮತ್ತೆ ಬರೆಯುತ್ತಿದ್ದಳು.

ಆಸ್ಪತ್ರೆ ಇಳಿಜಾರಿನಲ್ಲಿತ್ತು. ಫಿಸಿಯೋಥೆರಪಿಸ್ಟ್ ಆಗಿದ್ದ ಅವಳು ಬರುತ್ತಿದ್ದದ್ದು ಹಿಂದಿನ ಗೇಟಿನಿಂದ. ಕಾಲಿಟ್ಟ ಮಹಡಿಯೇ ಅವಳ ಲೆಕ್ಕದಲ್ಲಿ ಸೊನ್ನೆ. ಮುಂದಿನ ಗೇಟಿನಿಂದ ಬಂದವರಿಗೆ ಅದು ಎರಡನೆಯದು; ಲಿಫ್ಟಿನ ಗುಂಡಿಯ ಮೇಲೂ ಎರಡು. ಅವಳ ಒಂದು, ಅಂದರೆ ಅವಳ ಕೋಣೆಯಿದ್ದ ಮಹಡಿ, ಲಿಫ್ಟಿನಲ್ಲಿ ಮೂರು. ನಯವಾಗಿ ಹೇಳಿದ್ದರೆ ಕೇಳುತ್ತಿದ್ದಳೋ ಏನೋ... ಅಂದಿನಿಂದ ಅವನು ಲಿಫ್ಟಿನಲ್ಲಿದ್ದರೆ ಅವಳು ಮೆಟ್ಟಿಲು ಹತ್ತುತ್ತಿದ್ದಳು.

ಒಂದು ಬೆಳಿಗ್ಗೆ, ಮಂಡಿ ಆಪರೇಷನ್ ಆಗಿದ್ದ ಹೆಂಗಸೊಬ್ಬರ ಕಾಲು ಮಡಿಸುತ್ತಾ, ಹೋದ ತಿಂಗಳು ವ್ಯಾಯಾಮಕ್ಕೆ ಬರದೆ ತಪ್ಪಿಸಿಕೊಂಡಿರಲ್ಲ ಎಂದು ಗದರಿದಳು.

“ಬಂದಿದ್ದೆ ಕಣಮ್ಮ. ನಕ್ಷೇಲಿ ನಿಮ್ಮ ಕೋಣೆ ಒಂದನೇ ಮಹಡಿ ಅಂತಿತ್ತು. ಒಂದು ಒತ್ತಿದೆ. ಅಲ್ಲಿ ನೋಡಿದ್ರೆ ಬರೀ ಗೋದಾಮು, ಒಂದು ನರಪಿಳ್ಳೆ ಇಲ್ಲ. ವಾಕರ್ ಹಿಡಿದು ಹುಡುಕಾಡಿ ಬಿದ್ದೆ. ಹೊಲಿಗೆ ಬಿಚ್ಚಿಹೋಯ್ತು.”

ಆಗ ತನ್ನನ್ನು ಎತ್ತಿಕೊಂಡು ಓಡಿದವನು ತಂಗಿಯ ಮಗ, ತಾನೇ ಸಾಕಿದವನು, ಇಲ್ಲೇ ಲಿಫ್ಟ್ ರಿಪೇರಿ ಮಾಡುತ್ತಾನೆ ಎಂದರು.

ಅವಳು ಆ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. ಅದನ್ನು ಬರೆದವಳು ನಾನೇ... ಮೇಲಿಂದ ಗದರಿದವಳೂ ನಾನೇ.

ಮಧ್ಯಾಹ್ನದೊಳಗೆ ತನ್ನ ನಂಬರುಗಳನ್ನೆಲ್ಲ ಅಳಿಸಿ, ‘ತಪ್ಪು ನನ್ನದು’ ಎಂದು ಬರೆದಳು. ಕೆಳಗಿಳಿದು ಅವನನ್ನು ಹುಡುಕಿದಳು.

“ದೊಡ್ಡಮ್ಮ ಬಿದ್ದದ್ದನ್ನ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅಳ್ತೀರಿ. ಅಳೋರ ಮೇಲೆ ಕೋಪ ಮಾಡ್ಕೊಳ್ಳೋಕೆ ನನಗೆ ಬರಲ್ಲ. ನನಗೆ ಕೋಪ ಬೇಕಾಗಿತ್ತು.”

“ನಾನು ಅಳಲ್ಲ. ಬನ್ನಿ, ಎಲ್ಲಾ ಮಹಡಿನೂ ನೋಡಿ ಬರೆಯೋಣ.”

ಮುಖ ಗಂಟಿಕ್ಕಿಕೊಂಡೇ ಹೊರಟರು. ಅವನು ಬಾಗಿಲುಗಳನ್ನು ಓದಿದ, ಅವಳು ಗುರುತಿಸಿದಳು. ಯಾವ ಗೇಟು ಯಾವ ಮಹಡಿಗೆ ತೆರೆಯುತ್ತದೆ ಎಂಬುದನ್ನೂ ಸೇರಿಸಿದಳು. ನಾಲ್ಕನೆಯದಕ್ಕೆ ಹತ್ತುವಾಗ, ಮೆಟ್ಟಿಲಿನ ನಡುವೆ ಸಿಕ್ಕ ಕೋಣೆ ಯಾವ ಮಹಡಿಗೆ ಸೇರಬೇಕೆಂದು ಜಗಳವಾಯಿತು. ನರ್ಸ್ ಬಂದು ಇಬ್ಬರ ಬಾಯನ್ನೂ ಮುಚ್ಚಿಸಿದಳು.

ಕೊನೆಯ ಮಹಡಿಯಲ್ಲಿ ಅವನು ನಿಂತ.

“ಅಳಿಸೋಕೆ ಅಂತಲೇ ದಿನಾ ನೀವು ಬರೆದಿದ್ದನ್ನ ಓದ್ತಿದ್ದೆ. ಮೊನ್ನೆ ನೀವು ಏನೂ ಬರೀಲಿಲ್ಲ... ನನಗೆ ಊಟ ಸೇರಲಿಲ್ಲ.”

ದಿನಾ ಬೆಳಿಗ್ಗೆ ಎದ್ದ ಕೂಡಲೇ, ಇವನು ಅಳಿಸಿದ್ದಾನಾ ಎಂದು ಫೋನು ನೋಡುತ್ತಿದ್ದದ್ದು ಬರೀ ಸಿಟ್ಟಿಗಲ್ಲ ಎಂದು ಅವಳಿಗೆ ಹೊಳೆದದ್ದೇ ಈಗ.

“ಕೋಪ ಹೋಯ್ತಾ?”

“ಇಲ್ಲ.”

“ಯಾವಾಗ ಹೋಗುತ್ತೆ?”

“ಗೊತ್ತಿಲ್ಲ. ಜೊತೆಗಿದ್ದು ನೋಡ್ತೀರಾ?”

“ಇರ್ತೀನಿ,” ಎಂದಳು. “ಆದ್ರೆ ಜಗಳ ಬಿಡಲ್ಲ.”

“ಬಿಡಬೇಡಿ,” ಎಂದ ಅವನು, ಮೆತ್ತಗೆ.