ಏಳು ಹಗ್ಗ, ಹದಿನಾಲ್ಕು ತುದಿ

ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ 9.40. ಗುಡ್ಡದ ಬುಡದ ವಸತಿ ಶಾಲೆಯ ಪ್ರಾಂಶುಪಾಲರು ದೂರಿನ ಎರಡು ಪ್ರತಿ ಹಿಡಿದುಕೊಂಡು ಠಾಣೆಗೆ ಬಂದರು. ಅರ್ಧ ಪಾಠ ಕೋಣೆಯೊಳಗೆ, ಅರ್ಧ ಪಾಠ ಬಯಲಲ್ಲಿ ನಡೆಯುವ ಶಾಲೆ ಅದು. ಮಕ್ಕಳು ಅಲ್ಲೇ ಉಂಡು ಅಲ್ಲೇ ಮಲಗಿ, ಲೆಕ್ಕ ವ್ಯಾಕರಣದ ಜೊತೆಗೆ ಈಜುವುದು, ದಿಕ್ಕು ಹಿಡಿದು ನಡೆಯುವುದು, ಬಂಡೆ ಹತ್ತುವುದು ಎಲ್ಲವನ್ನೂ ಕಲಿಯುತ್ತಾರೆ. ಶಾಲೆಯ ಏಳು ಬಂಡೆ ಹಗ್ಗಗಳನ್ನು ಯಾರೋ ನಟ್ಟನಡುವೆ ಕತ್ತರಿಸಿದ್ದಾರೆ ಎಂಬುದು ದೂರು. ಮರುದಿನ ಬೆಳಿಗ್ಗೆ ಏಳನೇ ತರಗತಿಯವರು ದೊಡ್ಡ ಬಂಡೆ ಹತ್ತಬೇಕಿತ್ತು.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಅನುಮಾನ ಏನ್ ಬಂತು ಮೇಡಂ, ಗೊತ್ತೇ ಇದೆ. ಹಗ್ಗದ ಕೋಣೆ ನೋಡ್ಕೊಳ್ಳೋ ಸರದಿ ಈ ವಾರ ಒಬ್ಬ ಹುಡುಗೀದು. ಬೀಗದ ಕೈ ಅವಳ ಹತ್ರಾನೇ ಇತ್ತು. ಹೋದ ತಿಂಗಳು ಬಂಡೆ ಅರ್ಧ ಹತ್ತಿ, ಅಳ್ತಾ ಇಳಿದುಬಿಟ್ಲು. ಅವತ್ತಿಂದ ಮಕ್ಕಳು ಅವಳನ್ನ 'ಅರ್ಧ' ಅಂತಾನೇ ಕರೆಯೋದು."

"ಕತ್ತರಿಸಿದ್ದನ್ನ ನೋಡಿದೋರು ಯಾರು?"

"ನೋಡಿದೋರು ಅಂತ ಯಾರೂ ಇಲ್ಲ. ಕೇಳಿದ್ರೆ ಅವಳು ಬಾಯೇ ಬಿಡ್ತಿಲ್ಲ. ಸಂಜೆ ಐದಕ್ಕೆ ಅವಳ ಅಮ್ಮ ಬರ್ತಾರೆ, ಟಿ.ಸಿ. ಬರೆದಿಟ್ಟಿದೀನಿ."

"ತೀರ್ಪು ಆಗಿದೆ, ತನಿಖೆ ಮಾತ್ರ ಬಾಕಿ ಅನ್ನಿ," ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿಕೊಂಡು ಕಾಗದ ತೆಗೆದುಕೊಂಡ. 9.55ಕ್ಕೆ ಆಸ್ತಿ ಹಾನಿಯ ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಸ್ಥಳಕ್ಕೆ ತಲುಪಿದರು. ಹಗ್ಗದ ಕೋಣೆ ಊಟದ ಮನೆಯ ಹಿಂದೆ ಇತ್ತು. ಗೋಡೆಯುದ್ದಕ್ಕೂ ಮರದ ಗೂಟ, ಪ್ರತಿ ಗೂಟಕ್ಕೂ ಒಂದು ಸಂಖ್ಯೆ. ಗೂಟಗಳೆಲ್ಲ ಬರಿದಾಗಿದ್ದವು. ಏಳು ಹಗ್ಗಗಳೂ ಸುರುಳಿ ಸುತ್ತಿ, ಬಾಗಿಲು ತೆರೆದ ಕೂಡಲೇ ಕಾಣುವ ಹಾಗೆ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಅಡುಗೆಯವರನ್ನೂ ವ್ಯಾನ್ ಚಾಲಕನನ್ನೂ ಪಂಚರಾಗಿ ಕರೆದು ಪಂಚನಾಮೆ ಶುರು ಮಾಡಿದರು. ಬೀಗ ಮುರಿದಿಲ್ಲ. ಕಿಟಕಿ ಭದ್ರ.

ಇನ್ಸ್‌ಪೆಕ್ಟರ್ ಒಂದು ತುದಿಯನ್ನು ಬೆಳಕಿಗೆ ಹಿಡಿದರು. ಕತ್ತರಿಸಿದ ನೈಲಾನ್ ಹಗ್ಗ ಪೊರಕೆಯ ಹಾಗೆ ಕೆದರಿಕೊಂಡಿರಬೇಕು. ಇದು ಕೆದರಿರಲಿಲ್ಲ. ತುದಿಯನ್ನು ಕಾಯಿಸಿ, ಕರಗಿಸಿ, ಬೆರಳಲ್ಲಿ ಹೊಸೆದು ಗುಂಡಗೆ ಮುಚ್ಚಲಾಗಿತ್ತು. ಹದಿನಾಲ್ಕು ತುದಿಗಳೂ ಹಾಗೇ ಇದ್ದವು.

"ಇದೇನ್ ಮೇಡಂ, ಕನ್ನ ಹಾಕಿದೋನು ಹೋಗುವಾಗ ಗೋಡೆಗೆ ಸುಣ್ಣ ಬಳಿದು ಹೋದ ಹಾಗಾಯ್ತು," ಎಂದ ಹೆಡ್ ಕಾನ್‌ಸ್ಟೇಬಲ್.

"ಅದನ್ನೂ ಬರ್ಕೊ. ಸುಣ್ಣದ ಮಾತು ಬಿಟ್ಟು."

ಬೀಗದ ಕೈ ಎರಡು. ಒಂದು ಸರದಿಯ ವಿದ್ಯಾರ್ಥಿಯ ಬಳಿ, ಇನ್ನೊಂದು ಹಗ್ಗ ನೋಡಿಕೊಳ್ಳುವ ಮುದುಕರ ಬಳಿ. ಮಕ್ಕಳಿಗೆ ಅವರು ಹಗ್ಗದಜ್ಜ. ಮೂವತ್ತೊಂದು ವರ್ಷದಿಂದ ಶಾಲೆಯ ಒಂದೊಂದು ಹಗ್ಗವೂ ಅವರ ಕೈ ದಾಟಿಯೇ ಬಂಡೆಗೆ ಹೋಗಿದೆ. ಅಜ್ಜ ಮೂಲೆಯ ಒಲೆಯ ಮೇಲೆ ಚಹಾ ಕುದಿಸಿ, ಎರಡು ಸ್ಟೀಲ್ ಲೋಟಗಳಿಗೆ ಬಗ್ಗಿಸಿ ತಂದುಕೊಟ್ಟರು. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಬಿಳಿ ಪಟ್ಟಿ ಸುತ್ತಿತ್ತು.

"ಏನಾಯ್ತು ಬೆರಳಿಗೆ?"

"ಏನೋ ಗೀರ್ಕೊಂಡಿದೆ ಮೇಡಂ."

ಇನ್ಸ್‌ಪೆಕ್ಟರ್ ಲೋಟ ಮುಟ್ಟಿ, ಸರಕ್ಕನೆ ಕೈ ತೆಗೆದು, ಕರವಸ್ತ್ರ ಸುತ್ತಿ ಹಿಡಿದರು. ಹೆಡ್ ಕಾನ್‌ಸ್ಟೇಬಲ್ ಶರ್ಟಿನ ತುದಿಯಿಂದ ಹಿಡಿದ. ಅಜ್ಜ ಎರಡೂ ಲೋಟಗಳನ್ನು ಬರಿಗೈಯಲ್ಲೇ ತಂದಿದ್ದರು. ಆ ಮಾತು ಆಗ ಪಂಚನಾಮೆಗೆ ಸೇರಲಿಲ್ಲ.

ಮೇಜಿನ ಮೇಲೆ ಹಗ್ಗಗಳ ಪುಸ್ತಕವಿತ್ತು. ಪ್ರತಿ ಹಗ್ಗಕ್ಕೂ ಒಂದು ಪುಟ; ಯಾವತ್ತು ಬಂತು, ಯಾರು ಹತ್ತಿದರು, ಎಷ್ಟು ಸಲ ಜಗ್ಗಿತು. ಕೊನೆಯ ತಪಾಸಣೆ ಸೋಮವಾರ ಸಂಜೆ 4.00. ಏಳು ಪುಟದಲ್ಲೂ 'ಸರಿ ಇದೆ' ಎಂದು ಅಜ್ಜನ ಸಹಿ. ಮೂರನೇ ಪುಟದಲ್ಲಿ ಮಾತ್ರ ಆ ಎರಡು ಪದಗಳ ಮೇಲೆ ಗೆರೆ ಎಳೆದಿತ್ತು.

11.20. ಹುಡುಗಿಯನ್ನು ಆರೈಕೆ ಕೋಣೆಯಲ್ಲಿ ಕೂರಿಸಿದ್ದರು. ಹನ್ನೆರಡು ವರ್ಷ. ಮೊಣಕಾಲಲ್ಲಿ ಒಣಗಿದ ಗಾಯ, ತೊಡೆಯ ಮೇಲೆ ಒಂದು ನೋಟ್‌ಬುಕ್. ಪಕ್ಕದಲ್ಲಿ ನರ್ಸಕ್ಕ ನಿಂತಿದ್ದಳು.

"ಅದೇನು?"

"ದಿನಚರಿ. ಎಲ್ಲರೂ ಬರೀಬೇಕು."

ಇನ್ಸ್‌ಪೆಕ್ಟರ್ ಓದಿದರು. *5.30 ಗಂಟೆ. ಮಂಜು, ಮೂರನೇ ಬೇಲಿವರೆಗೆ ಮಾತ್ರ ಕಾಣುತ್ತೆ. 5.45 ತಣ್ಣೀರು, ಕಿರುಚಲಿಲ್ಲ. 6.00 ಕೆರೆವರೆಗೆ ಓಟ, ಕೊನೆಯಿಂದ ಎರಡನೆಯವಳು. 6.40 ಹಗ್ಗದಜ್ಜ. 7.30 ಗಂಜಿ, ತಳ ಹಿಡಿದಿತ್ತು.* ಎಲ್ಲ ದಿನವೂ 6.40ಕ್ಕೆ ಹಗ್ಗದಜ್ಜ. ಒಂದು ಕಡೆ ಹೀಗಿತ್ತು: *ಕಣ್ಣು ಮುಚ್ಚಿ ನೋಡಬೇಕು. ಒಂದು ಮಾರಿಗೆ ಒಂದು ಸಾಲು ಪದ್ಯ. ಸಾಲು ತಪ್ಪಿದರೆ ಹಿಂದಿನ ಮಾರಿಗೆ ಹೋಗಬೇಕು.* ಸೋಮವಾರದ ಪುಟದ ಕೊನೆಗೆ: *ಅಜ್ಜ ಇವತ್ತು ಪದ್ಯ ಹೇಳಲಿಲ್ಲ.* ಮಂಗಳವಾರ 6.40ರ ಮುಂದೆ ಖಾಲಿ ಬಿಟ್ಟಿತ್ತು.

ನರ್ಸಕ್ಕ ತನ್ನ ರಿಜಿಸ್ಟರ್ ಮುಂದಿಟ್ಟಳು. ಬೆಳಿಗ್ಗೆ 7.10. ಸುಟ್ಟ ಗಾಯದ ಮುಲಾಮು, ಪಟ್ಟಿ. ಕೆಳಗೆ ಹುಡುಗಿಯ ಸಹಿ.

"ಹಗ್ಗ ನೀನೇ ಕತ್ತರಿಸಿದ್ಯಾ?"

"ಹೂಂ." ಬಹಳ ಬೇಗ ಬಂತು ಉತ್ತರ.

"ಬೆಳಗಿಂದ ಬಾಯಿ ಬಿಡದೋಳು ಈಗ ಒಪ್ಕೊಂಡ್ಯಲ್ಲ."

"ಪೊಲೀಸ್ನೋರು ಬಂದ್ರಲ್ಲ. ಇನ್ಯಾರನ್ನೋ ಹಿಡಿದ್ರೆ ಅಂತ."

"ತುದಿಗೆ ಏನ್ ಮಾಡ್ದೆ?"

"ಸುಟ್ಟು, ಹೊಸೆದು ಮುಚ್ಚಿದೆ. ಅಜ್ಜ ಕಲಿಸಿದ ಹಾಗೆ."

"ಕೈ ತೋರಿಸು."

ಎರಡೂ ಅಂಗೈ ಮುಂದೆ ಬಂದವು. ಬೆರಳಿನ ಬುಡದಲ್ಲಿ ಗಟ್ಟಿಯಾದ ಚರ್ಮ, ಉಗುರಲ್ಲಿ ಮಣ್ಣು. ಸುಟ್ಟ ಗುರುತು ಒಂದೂ ಇರಲಿಲ್ಲ.

"ಹದಿನಾಲ್ಕು ತುದಿ ಹೊಸೆದಿದೀಯ. ಒಂದು ಬೊಬ್ಬೆಯಾದ್ರೂ ಬೇಡ್ವಾ ಪುಟ್ಟ?"

ಹುಡುಗಿ ಕೈ ಮಡಚಿಕೊಂಡಳು.

"ಮುಲಾಮು ಯಾರಿಗೆ ತಗೊಂಡೆ?"

"ಹೇಳಲ್ಲ."

"ಸಂಜೆ ಮನೆಗೆ ಕಳಿಸ್ತಾರಂತಲ್ಲ."

"ಗೊತ್ತು. ನಾಳೆ ನಾನು ಹತ್ತಬೇಕಿತ್ತು."

"ಹೆದರಿಕೆ ಇಲ್ವಾ?"

"ಇದೆ. ಹೋದ್ಸಲಾನೂ ಇತ್ತು. ಹೆದರಿಕೆ ಹೋಗೋದೇನೂ ಬೇಡ, ಅದನ್ನೂ ಸೊಂಟಕ್ಕೆ ಕಟ್ಕೊಂಡು ಹತ್ತು ಅಂತ ಅಜ್ಜ ಅಂದ್ರು." ಆಮೇಲೆ ಮೆಲ್ಲಗೆ, "ಅವರ ಹತ್ರ ಜೋರು ಮಾಡ್ಬೇಡಿ ಮೇಡಂ."

ಯಾರ ಹತ್ತಿರ ಎಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ.

ಮಧ್ಯಾಹ್ನ 2.15ಕ್ಕೆ ಮತ್ತೆ ಹಗ್ಗದ ಕೋಣೆಗೆ ಹೋದರು. ತರಗತಿಯ ಗೋಡೆಗೆ ನೇತುಹಾಕಿದ್ದ ಪಾಠದ ಹಗ್ಗವೊಂದನ್ನು ದಾರಿಯಲ್ಲೇ ತೆಗೆದುಕೊಂಡಿದ್ದರು. ಹೊರಗಿನ ನೇಯ್ಗೆ ನೆಟ್ಟಗಿದ್ದು, ಒಂದು ಕಡೆ ಒಳಗಿನ ಎಳೆ ಕತ್ತರಿಸಿದ ಹಗ್ಗ. ಕೆಟ್ಟ ಹಗ್ಗ ಬೆರಳಿಗೆ ಹೇಗೆ ತಿಳಿಯುತ್ತದೆ ಎಂದು ಮಕ್ಕಳಿಗೆ ತೋರಿಸಲು ಅಜ್ಜನೇ ಮಾಡಿದ್ದು.

"ಅಜ್ಜ, ಇದನ್ನ ಸ್ವಲ್ಪ ನೋಡಿಕೊಡ್ತೀರಾ? ಯಾವಾಗಲೂ ನೋಡೋ ಹಾಗೇನೇ."

ಅಜ್ಜ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಪಟ್ಟಿಯಿಲ್ಲದ ಎಡಗೈಯ ಬೆರಳುಗಳ ನಡುವೆ ಹಗ್ಗ ಮಾರು ಮಾರಾಗಿ ಸರಿಯಿತು. ತುಟಿ ಅಲುಗಲಿಲ್ಲ. ಹಗ್ಗ ಮುಗಿಯಿತು.

"ಸರಿ ಇದೆ," ಎಂದರು.

ಇನ್ಸ್‌ಪೆಕ್ಟರ್ ಹಗ್ಗವನ್ನು ಹೆಡ್ ಕಾನ್‌ಸ್ಟೇಬಲ್ ಕೈಗೆ ಕೊಟ್ಟರು. ಅವನು ಬಲ್ಬ್ ಬದಲಿಸಲು ಕುರ್ಚಿ ಹತ್ತಿದರೂ ತಲೆ ತಿರುಗುವ ಮನುಷ್ಯ. ಬಂಡೆ ಹಗ್ಗ ಮುಟ್ಟಿದ್ದು ಅದೇ ಮೊದಲು. ನಾಲ್ಕನೇ ಮಾರಿಗೆ ನಿಂತ.

"ಇಲ್ಲಿ ಟೊಳ್ಳು ಅನ್ಸುತ್ತಲ್ವಾ ಮೇಡಂ? ನನಗೇನ್ ಗೊತ್ತು, ಸುಮ್ನೆ ಕೇಳ್ದೆ."

ಅಜ್ಜ ಕಣ್ಣು ತೆರೆದರು. ಅವನ ಬೆರಳು ನಿಂತ ಜಾಗವನ್ನು ನೋಡಿದರು. ಅದು ಯಾವ ಹಗ್ಗ ಎಂದು ಆಗ ಗುರುತು ಸಿಕ್ಕಿತು.

"ಎಷ್ಟು ದಿನ ಆಯ್ತು ಅಜ್ಜ?" ಇನ್ಸ್‌ಪೆಕ್ಟರ್ ಕೇಳಿದರು.

"ಬೆರಳು ಮರಗಟ್ಟೋದು ಎರಡು ವರ್ಷದಿಂದ ಇತ್ತು. ಚಳಿಗೆ ಅಂದ್ಕೊಂಡೆ, ವಯಸ್ಸಿಗೆ ಅಂದ್ಕೊಂಡೆ. ನಿನ್ನೆ ಏಳೂ ನೋಡಿ, ಸರಿ ಇದೆ ಅಂತ ರುಜು ಹಾಕಿದೆ. ಆ ಮಗು ನನ್ನ ಹಿಂದೆ ಕೂತು ಮೂರನೇದನ್ನ ಕಲಿಯೋಕೆ ಅಂತ ಎಳೀತಿತ್ತು. 'ಅಜ್ಜ, ಇಲ್ಲಿ ಒಳಗೆ ಏನೂ ಇಲ್ಲ' ಅಂತು." ಬರಿದಾದ ಗೂಟಗಳ ಕಡೆ ನೋಡಿದರು. "ಒಂದು ತಪ್ಪಿದ್ರೆ ಉಳಿದ ಆರು ಏನ್ ಗ್ಯಾರಂಟಿ? ಮೂವತ್ತೆರಡು ಮಕ್ಕಳು ನೇತಾಡೋ ಹಗ್ಗ."

"ಪ್ರಾಂಶುಪಾಲರಿಗೆ ಹೇಳಬಹುದಿತ್ತಲ್ಲ."

"ಬಾಗಿಲವರೆಗೆ ಹೋಗಿ ಬಂದೆ, ಎರಡು ಸಲ. ನಾಲಿಗೆ ಏಳಲಿಲ್ಲ. ಕೈ ಹೋಯ್ತು ಅಂದ್ರೆ ಈ ಕೋಣೇಲಿ ನನಗೇನ್ ಕೆಲಸ? ಹಗ್ಗಾನೇ ಇಲ್ದಿದ್ರೆ ಯಾರೂ ಹತ್ತಲ್ಲ ಅಂದ್ಕೊಂಡೆ. ಬೆಳಿಗ್ಗೆ ಐದಕ್ಕೆ ಕೂತೆ."

"ತುದಿ ಯಾಕೆ ಮುಚ್ಚಿದ್ರಿ?"

ಅಜ್ಜ ಮೊದಲ ಬಾರಿಗೆ ಗೊಂದಲಗೊಂಡವರಂತೆ ನೋಡಿದರು. "ಬಿಚ್ಚಿಕೊಂಡಿರೋ ತುದೀನ ಹಾಗೇ ಬಿಟ್ಟು ಏಳೋಕಾಗುತ್ತಾ ಮೇಡಂ? ಬೆರಳು ಸುಟ್ಟಿದೆ ಅಂತ ಗೊತ್ತಾಗಿದ್ದೂ ಆ ಮಗು ಬಂದು ವಾಸನೆ ಹಿಡಿದಾಗಲೇ. ಯಾರಿಗೂ ಹೇಳ್ಬೇಡ ಅಂದೆ."

"ಅದಕ್ಕೇ ಅವಳು ಹೇಳಲಿಲ್ಲ. ನಾನೇ ಕತ್ತರಿಸಿದ್ದು ಅಂದ್ಲು. ಐದಕ್ಕೆ ಅವಳ ಅಮ್ಮ ಬರ್ತಾರೆ, ಟಿ.ಸಿ. ತಗೊಂಡು ಹೋಗೋಕೆ."

ಬೆಳಗಿನಿಂದ ಯಾರೂ ಅಜ್ಜನಿಗೆ ಅದನ್ನು ಹೇಳಿರಲಿಲ್ಲ. ಅನುಮಾನ ಯಾರೋ ಹೊರಗಿನವರ ಮೇಲೆ ಹೋಗಿ ತಣ್ಣಗಾಗುತ್ತದೆ ಎಂದುಕೊಂಡಿದ್ದರು. ಅಜ್ಜ ಎದ್ದು, ಒಲೆಯ ಹಿಂದಿನಿಂದ ಮಸಿ ಹಿಡಿದ ಚಾಕುವನ್ನು ತಂದು ಮೇಜಿನ ಮೇಲಿಟ್ಟರು. ಆಮೇಲೆ ಎರಡೂ ಮಣಿಕಟ್ಟುಗಳನ್ನು ಜೋಡಿಸಿ ಮುಂದೆ ಚಾಚಿದರು.

"ಬೇಗ ಬರ್ಕೊಳ್ಳಿ ಮೇಡಂ. ಐದು ಗಂಟೆ ಆಗೋದ್ರೊಳಗೆ."

3.05ಕ್ಕೆ ಚಾಕು ಪಂಚರ ಸಮಕ್ಷಮ ಜಪ್ತಿಯಾಯಿತು. 3.30ಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಪ್ರಾಂಶುಪಾಲರು ಎಲ್ಲವನ್ನೂ ನಿಂತೇ ಕೇಳಿಸಿಕೊಂಡು, ಟಿ.ಸಿ.ಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಹುಡುಗಿಯ ತಾಯಿಗೆ ಫೋನ್ ಮಾಡಿ, ಇವತ್ತು ಬೇಡ, ನಾಳೆ ಬೆಳಿಗ್ಗೆ ಬನ್ನಿ, ಮಗಳು ಹತ್ತೋದನ್ನ ನೋಡಬಹುದು ಎಂದರು. ಆಮೇಲೆ ಅಜ್ಜನ ಹತ್ತಿರ ಬಂದು ಕನ್ನಡಕ ಒರೆಸಿಕೊಂಡರು.

4.10ಕ್ಕೆ ಇನ್ನೊಂದು ಶಾಲೆಯಿಂದ ಕಡ ತಂದ ಏಳು ಹಗ್ಗಗಳು ವ್ಯಾನಿನಲ್ಲಿ ಬಂದವು. ಅಂಗಳದಲ್ಲಿ ಇಳಿಸಿದ ಮೇಲೆ, ಇವನ್ನು ನೋಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಎಲ್ಲರ ಕಣ್ಣೂ ಜೀಪಿನ ಕಡೆಗೆ ಹೋಯಿತು. ಅಜ್ಜ ಒಳಗೆ ಕೂತಾಗಿತ್ತು.

"ಅವಳು ನೋಡ್ತಾಳೆ," ಎಂದರು ಅಲ್ಲಿಂದಲೇ.

"ಅರ್ಧಾನಾ?" ಎಂದು ಹಿಂದಿನಿಂದ ಒಬ್ಬ ಹುಡುಗ ನಕ್ಕ.

"ಹೌದು ಕಣೋ. ನಾನು ನೋಡದೆ ಬಿಟ್ಟ ಅರ್ಧ ನೋಡಿದ್ದು ಅವಳೇ."

ಹುಡುಗಿ ನೆಲದ ಮೇಲೆ ಕಾಲು ಮಡಚಿ ಕೂತಳು. ಪ್ಯಾಂಟಿಗೆ ಕೈ ಒರೆಸಿಕೊಂಡು ಕಣ್ಣು ಮುಚ್ಚಿದಳು. ಮೊದಲ ಹಗ್ಗ ಬೆರಳೊಳಗೆ ಸರಿಯತೊಡಗಿತು. ಚಿಕ್ಕ ಕೈ, ಅವಳ ಮಾರೂ ಚಿಕ್ಕದು. ಅಷ್ಟೇ ಉದ್ದದ ಸಾಲುಗಳನ್ನು ಅವಳು ಮೆಲುದನಿಯಲ್ಲಿ ಹೇಳುತ್ತಿದ್ದಳು. ಜೀಪಿನ ಚಾಲಕ ಕೀಲಿ ತಿರುಗಿಸಲು ಹೋದ. ಇನ್ಸ್‌ಪೆಕ್ಟರ್ ಬೇಡ ಎಂದು ಕೈ ಮಾಡಿದರು.

ಜೀಪಿನೊಳಗೆ ಅಜ್ಜನೂ ಕಣ್ಣು ಮುಚ್ಚಿದ್ದರು. ಹಗ್ಗ ಬೆರಳ ಚರ್ಮಕ್ಕೆ ಉಜ್ಜುವ ಸದ್ದು ಅಲ್ಲಿಗೂ ಕೇಳುತ್ತಿತ್ತು. ಒಂದು ಕಡೆ ಸದ್ದು ನಿಂತಿತು, ಪದ್ಯವೂ ನಿಂತಿತು.

"ಏನದು?" ಅಜ್ಜ ಕೇಳಿದರು.

"ಮಣ್ಣು ಅಜ್ಜ. ಒಣಗಿದ್ದು. ಒಳಗೆ ಗಟ್ಟಿ ಇದೆ."

"ಹಿಂದಿನ ಮಾರಿಂದ ಮತ್ತೆ ಬಾ."

ಅವಳು ಹಿಂದಿನ ಮಾರಿಗೆ ಹೋದಳು. ಅಜ್ಜನ ತುಟಿಗಳೂ ಅಲುಗಿದವು. ಏಳನೇ ಹಗ್ಗ ಮುಗಿದಾಗ 5.20.

ಠಾಣೆಯಲ್ಲಿ ಜಾಮೀನಿಗೆ ಸಹಿ ಹಾಕಲು ಪ್ರಾಂಶುಪಾಲರೇ ಹಿಂದೆ ಬಂದಿದ್ದರು. "ದೂರು ಕೊಟ್ಟೋರೂ ಇವರೇ, ಬಿಡಿಸ್ಕೊಂಡು ಹೋಗೋರೂ ಇವರೇ. ನಮ್ಮನ್ನ ಯಾಕೆ ಕರೆದ್ರೋ," ಎಂದ ಹೆಡ್ ಕಾನ್‌ಸ್ಟೇಬಲ್, ಅಜ್ಜನಿಗೆ ಕುರ್ಚಿ ಎಳೆದು ಕೊಟ್ಟವನೂ ಅವನೇ. ಬೆರಳಚ್ಚು ತೆಗೆಯಲು ಪಟ್ಟಿ ಬಿಚ್ಚಿದರು. ಎಂಟು ಬೆರಳು ಸರಿಯಾಗಿ ಮೂಡಿದವು. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಚೌಕದಲ್ಲಿ ಬರೀ ಮಸಿ, ಒಂದು ಗೆರೆಯೂ ಇಲ್ಲ.

"ಇಲ್ಲಿ ಏನಂತ ಬರೀಲಿ ಮೇಡಂ?"

"ಇದ್ದದ್ದನ್ನ ಬರಿ."

ಅವನು ಪೆನ್ನಿನ ಮುಚ್ಚಳ ತೆಗೆದ. ನಂತರ ಚೌಕದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ: 'ಸುಟ್ಟಿದೆ. ನೋವಿಲ್ಲ ಎನ್ನುತ್ತಾರೆ.'