ಮಡಿಲಿನಿಂದ ಮಾಯವಾದ ಕೂಸು

"ಅಮೃತಪ್ಪ ಕಾಕಾ, ಚಿತ್ರದಾಗಿನ ನನ್ನನ್ನ ಯಾರೋ ಅಳಿಸ್ಯಾರ."

ಪ್ರಾಜಕ್ತಾ ನನ್ನ ಅಂಗಡಿಯ ಹೊಸ್ತಿಲ ಮೇಲೆ ನಿಂತು ಹೀಗೆಂದಾಗ ನನ್ನ ಕೈಯಲ್ಲಿದ್ದ ಗಾಜು ಜಾರಿ ಬಿದ್ದು ಚೂರಾಯಿತು. ಉದಗೀರದ ಚೌಬಾರಾದ ಹತ್ತಿರ ಪಟಗಳಿಗೆ ಕಟ್ಟು ಹಾಕುವವನು ನಾನು. ದೇವರ ಪಟ, ಮದುವೆ ಪಟ, ಸತ್ತವರ ಪಟ, ಎಲ್ಲವೂ ನನ್ನ ಕೈಯಿಂದಲೇ ಗೋಡೆ ಏರುತ್ತವೆ. ಆದರೂ ನನ್ನಂಥ ಅಂಜುಬುರುಕ ಈ ಪೇಟೆಯಲ್ಲಿ ಇನ್ನೊಬ್ಬನಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಗುರಮ್ಮಕ್ಕ ಮಾತ್ರ ಕದಲಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ಜಮಾದಾರಳಾಗಿ ನಿವೃತ್ತಿಯಾದವಳು ಆಕೆ. ತಮಗೆ ಬಗೆಹರಿಯದ್ದನ್ನು ಠಾಣೆಯವರು ಇಂದಿಗೂ ಆಕೆಯ ಮುಂದೆ ತಂದಿಡುತ್ತಾರೆ. ಆಕೆ ಹೊರಟಲ್ಲೆಲ್ಲ ಚೀಲ ಹಿಡಿದು ಹಿಂದೆ ಹೋಗುವವನು ನಾನು.

"ಚೂರು ಆರಿಸು, ಅಮೃತಾ. ನೀ ಒಳಗ ಬಾ ತಂಗಿ, ಕೂಡು. ಮೊದಲಿಂದ ಹೇಳು," ಎಂದಳು.

ಪ್ರಾಜಕ್ತಾಳ ಕೈಕೆಲಸ ನೋಡದವರು ನಮ್ಮ ಊರಲ್ಲಿ ಕಡಿಮೆ. ಸೊಂಟಕ್ಕೆ ಕೈಯಿಟ್ಟು ಕುಣಿಯುವ ಡೆಂಗ್ಯೂ ಸೊಳ್ಳೆಯ ಕಾರ್ಟೂನು ಅವಳದು. ತೊಗರಿ ಬೀಜದ ಪಾಕೀಟಿನ ಮೇಲೆ ನಗುವ ರೈತ, ಮಕ್ಕಳ ಪುಸ್ತಕದ ಆನೆ, ಲಗ್ನಪತ್ರಿಕೆಯ ಗಂಡು ಹೆಣ್ಣು, ಎಲ್ಲ ಅವಳವೇ. ಆಗ ಒಂದು ಉಣ್ಣೆ ಸಂಘಕ್ಕಾಗಿ ಕುರಿಗಳ ಫಿಲ್ಮು ಮಾಡುತ್ತಿದ್ದಳು. ಒಂದು ಕುರಿ ನಾಲ್ಕು ಹೆಜ್ಜೆ ನಡೆಯಲು ಎಷ್ಟು ಚಿತ್ರ ಬರೆಯಬೇಕು ಎಂದು ಕೇಳಿದಾಗಿನಿಂದ ನಾನು ಅವಳೊಂದಿಗೆ ಕಟ್ಟಿನ ದರದ ಚೌಕಾಸಿ ಬಿಟ್ಟಿದ್ದೇನೆ.

ಇದೆಲ್ಲ ಹೊಟ್ಟೆಪಾಡು. ಅವಳ ಜೀವ ಇದ್ದದ್ದು ಬೇರೆ ಚಿತ್ರಗಳಲ್ಲಿ. ಭೂಕಂಪದಲ್ಲಿ ನೆಲಸಮವಾದ ಉಮರ್ಗಾ ಕಡೆಯ ಒಂದು ಊರನ್ನು, ಬದುಕಿ ಉಳಿದವರ ಬಾಯಿಂದ ಕೇಳಿ, ಮನೆ ಮನೆಯಾಗಿ ಬರೆಯುತ್ತಿದ್ದಳು. ತಾಯಿ ಮಂಗಲಾ, ತಂದೆ ಬಸವೇಶ್ವರ ಇಬ್ಬರೂ ಅಲ್ಲೇ ಸತ್ತವರು. ಆರು ತಿಂಗಳ ಕೂಸಾಗಿದ್ದ ಇವಳನ್ನು ಸೋದರಮಾವ ಸೂರ್ಯಕಾಂತ ತಂದು ಸಾಕಿದ್ದ. ತಾಯಿಯ ಒಂದು ಫೋಟೋ ಕೂಡ ಮಣ್ಣಿನಿಂದ ಹೊರಬಂದಿರಲಿಲ್ಲ.

"ಯಾರ ಮುಖಕ್ಕೂ ನಾ ಕಣ್ಣಿನ ಕರಿಗುಡ್ಡಿ ಬರೆಯಂಗಿಲ್ಲ," ಎಂದಳು ಪ್ರಾಜಕ್ತಾ. "ಅವರ ಪೈಕಿ ಯಾರರ ಬಂದು ನೋಡಿ, ಹೌದು ಇವರೇ ಅಂದ ಮ್ಯಾಲೇ ಬರೀತೀನಿ. ಪೆನ್ಸಿಲ್ ಅವರ ಕೈಯಾಗೇ ಕೊಟ್ಟು, ತಪ್ಪಿದ್ರ ತಿದ್ರಿ ಅಂತೀನಿ. ಅವ್ವನ ಕಣ್ಣು ಮಾತ್ರ ಖಾಲಿ ಉಳಿದಿದ್ದವು. ಮಾಮಾನ್ನ ಕೇಳಿದ್ರ, ಕಣ್ಣು ಮುಚ್ಚಿದ್ರ ಬರೇ ಧೂಳು ಕಾಣ್ತದ ಅಂತಾನ."

ಹೋದ ಸೋಮವಾರ ಊಟ ಮುಗಿಸಿ ಮೇಲೆ ಹೋದಾಗ ತಾಯಿಯ ಚಿತ್ರ ಕಣ್ಣು ತೆರೆದಿತ್ತಂತೆ. ಗುರುವಾರ, ಬೀಸುಕಲ್ಲಿನ ಮುಂದೆ ಕುಳಿತ ತಾಯಿಯೂ ಕಣ್ಣು ತೆರೆದಿದ್ದಳು. ಇಂದು ಮೂರನೆಯದರಲ್ಲೂ ಕಣ್ಣು ತೆರೆದಿದ್ದವು. ಅದರಲ್ಲಿ ತಾಯಿಯ ಮಡಿಲಲ್ಲಿ ಕೂಸಾಗಿ ಪ್ರಾಜಕ್ತಾ ಇದ್ದಳು.

"ನಾ ಮ್ಯಾಲ ಹೋದಾಗ ಕೂಸು ಇತ್ತು ಅಕ್ಕಾ. ಸ್ವಲ್ಪ ಮಸಕಾಗಿತ್ತು ಅಷ್ಟ. ನೋಡ್ತಾ ನೋಡ್ತಾ ನನ್ನ ಕಣ್ಣ ಮುಂದೇ ಬೆಳ್ಳಗಾತು. ಮೂರು ಬಿಳಿ ಗೆರಿ ಮೂಡಿದ್ವು, ಕೂಸು ಹೋತು. ಕ್ವಾಣ್ಯಾಗ ಯಾರೂ ಇರಲಿಲ್ಲ. ಸತ್ತವರು ಕಣ್ಣು ತಗದು ನನ್ನನ್ನ ಕರೀಲಿಕತ್ಯಾರೋ, ಇಲ್ಲಾ ಇದ್ದವರೇ ಯಾರೋ ನನ್ನ ಮುಗಿಸ್ತೀನಂತ ಹೇಳಲಿಕತ್ಯಾರೋ, ತಿಳೀವಲ್ದು." ಆ ಮನೆಯಲ್ಲಿ ಇನ್ನೊಂದು ದಿನ ಇರುವ ಧೈರ್ಯ ಅವಳಿಗಿರಲಿಲ್ಲ.

ಗುರಮ್ಮಕ್ಕ ಎದ್ದು ಚಪ್ಪಲಿ ಮೆಟ್ಟಿದಳು.

ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ, ಮೇಲೆ ಮೂರು ಕೋಣೆ. ಸೂರ್ಯಕಾಂತ ಗಲ್ಲಾದ ಹಿಂದಿನಿಂದಲೇ ನಮ್ಮನ್ನು ತಡೆದ.

"ಹುಡುಗಿ ಕಣ್ಣಿಗೆ ನಿದ್ದಿ ಇಲ್ರಿ ಅಕ್ಕಾರ, ಏನೇನೋ ಕಾಣ್ತಾವ. ಮುಂದಿನ ಐತವಾರ ಭೂಕಂಪಕ್ಕ ಇಪ್ಪತ್ತೈದು ವರ್ಷ ತುಂಬ್ತಾವಂತ, ಉಳಿದವರಿಗೆ ಕಟ್ಟಿಕೊಟ್ಟ ಹೊಸ ಊರಾಗ ಈ ಚಿತ್ರ ಎಲ್ಲಾ ಹಚ್ತಾಳಂತ. ಸತ್ತವರನ್ನ ಯಾಕ ಎಬ್ಬಸ್ತೀ, ಬ್ಯಾಡ ಬಿಡು ಅಂದೀನಿ. ಕೇಳವಲ್ಲಳು," ಎಂದ. ಒಮ್ಮೆ ತೂಗಿದ್ದ ಸಕ್ಕರೆಯನ್ನೇ ಮತ್ತೆ ತಕ್ಕಡಿಗೆ ಸುರಿದ.

ಮೇಲೆ, ಮೆಟ್ಟಿಲು ಮುಗಿಯುವಲ್ಲಿ, ಅಂಜನಾಬಾಯಿ ಎಂಬ ಮುದುಕಿ ಕಂಬಳಿ ಹಾಸಿ ಕುಳಿತಿದ್ದಳು. ಗುಂಜೋಟಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ಕೋಟೆಯ ಹಿಂದೆ ಬೀಡುಬಿಟ್ಟವರ ಪೈಕಿ. ಬೀರಪ್ಪನ ಭಂಡಾರದ ಅರಿಶಿನ ಅವಳ ಹಣೆ, ಬೆರಳು, ಸೆರಗಿನ ತುದಿಯಲ್ಲೆಲ್ಲ ಹಳದಿಯಾಗಿ ಹತ್ತಿತ್ತು. ಫಿಲ್ಮಿನ ಕುರಿಗಳ ನಡಿಗೆ ಸರಿಯಿದೆಯೋ ಇಲ್ಲವೋ ನೋಡಲು ಪ್ರಾಜಕ್ತಾಳೇ ದಿನಾ ಅವಳನ್ನು ಕರೆಸುತ್ತಿದ್ದಳು. ಊರಿನ ಚಿತ್ರಗಳ ಮುಂದೆ ಈ ಮುದುಕಿ ಒಬ್ಬಳೇ ನಿಂತು ಗೊಣಗುತ್ತಿದ್ದಳಂತೆ.

"ಸತ್ತವರ ಮುಂದ ನಿಂತು ಏನ ಅಂತಿದ್ದಿ?" ಗುರಮ್ಮಕ್ಕ ಕೇಳಿದಳು.

"ಏನಂತೀನವ್ವಾ. ನಮ್ಮ ಮಂದೀನೂ ಆ ಊರಾಗ ಇಳದಿದ್ದರು. ಅವರ ಹೆಸರು ತಗದು ಅತ್ತೀನಿ."

ಒಳಗಿನ ಕೋಣೆಯಲ್ಲಿ ನಿಲೇಶ ಕಂಪ್ಯೂಟರಿನ ಮುಂದಿದ್ದ. ಪ್ರಾಜಕ್ತಾಳ ಚಿತ್ರಗಳಿಗೆ ಬಣ್ಣ, ಚಲನೆ ಕೊಡುವವನು. ಊರಿನ ಚಿತ್ರಗಳನ್ನು ಪುಣೆಯ ಸ್ಪರ್ಧೆಗೆ ಕಳಿಸೋಣವೆಂದು ಅವನು, ಬೇಡವೆಂದು ಇವಳು. ಆ ಜಗಳ ಹದಿನೈದು ದಿನದಿಂದ ನಡೆದಿತ್ತು. "ನಾ ಡಬ್ಬಿ ಇಲ್ಲೇ ಉಣ್ತೀನಿ, ಕಿವ್ಯಾಗ ಹೆಡ್‌ಫೋನ್ ಇರ್ತದ. ನನಗೇನೂ ಗೊತ್ತಿಲ್ಲ," ಎಂದು ಮುಖ ತಿರುಗಿಸಿದ.

ಮೂರನೆಯ ಕೋಣೆ ಪೂಜೆಯದು. ಸೂರ್ಯಕಾಂತನ ಹೆಂಡತಿ ಮಾಣಿಕಬಾಯಿ ಅಲ್ಲಿಂದ ಹೊರಬಂದು ನಮಗೆ ನೀರು ಕೊಟ್ಟಳು. ಕಡಿಮೆ ಮಾತಿನ ಹೆಂಗಸು. ಎಲ್ಲರಿಗೂ ಬಡಿಸಿ, ಮೇಲೆ ಬಂದು ಬಾಗಿಲು ಹಾಕಿಕೊಂಡು ಲಿಂಗಪೂಜೆ ಮಾಡಿ, ಆಮೇಲೆ ತಾನು ಉಣ್ಣುವವಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯುವುದಿಲ್ಲ.

ಹಗ್ಗಕ್ಕೆ ಸಿಕ್ಕಿಸಿದ ಚಿತ್ರಗಳ ನಡುವೆ ಆ ತಾಯಿ ಇದ್ದಳು. ಕಾಗದದಿಂದ ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಮಡಿಲಿನಲ್ಲಿ ಕೂಸಿನ ಜಾಗದಲ್ಲಿ ಅಡ್ಡಡ್ಡ ಮೂರು ಬಿಳಿ ಬರೆ, ಯಾವುದೋ ಪ್ರಾಣಿ ಪಂಜದಿಂದ ಪರಚಿದ ಹಾಗೆ. ನಾನು ಶಿವ ಶಿವ ಎನ್ನುತ್ತ ಬಾಗಿಲ ಕಡೆ ಸರಿದೆ.

ಗುರಮ್ಮಕ್ಕ ಬರೆಯ ಅಂಚನ್ನು ಉಗುರಿನಿಂದ ಮುಟ್ಟಿದಳು. ಬಿಳಿ ಪುಡಿ ಉದುರಿತು. ಆಮೇಲೆ ನನ್ನ ಭೂತಗನ್ನಡಿ ಇಸಿದುಕೊಂಡು ಕಣ್ಣುಗಳನ್ನು ನೋಡಿದಳು, ಮೂಸಿದಳು. ಪಕ್ಕದ ಮೇಜಿನ ಮೇಲೆ ಪೆನ್ಸಿಲು, ರಬ್ಬರು, ಬಿಳಿ ಬಣ್ಣದ ಬಾಟಲಿ, ಎಲ್ಲವೂ ಇಟ್ಟದ್ದು ಇಟ್ಟಂತೆಯೇ ಇದ್ದವು.

"ಇವತ್ತು ಉಣ್ಣಲಿಕ್ಕೆ ಯಾರ್ಯಾರು ಕೂತಿದ್ರಿ?"

"ನಾ, ಮಾಮಾ. ಇಬ್ಬರೂ ಸಂಗಟೇ ಎದ್ವಿ. ಕೈ ತೊಳಕೊಂಡು ಸೀದಾ ಮ್ಯಾಲ ಬಂದೆ."

"ನಿಮ್ಮವ್ವನ ಮನಿ, ಓಣಿ, ಇದನ್ನೆಲ್ಲಾ ನಿನಗ ಯಾರು ಹೇಳಿದ್ರು?"

"ಮಾಮಾನೇ. ಬ್ಯಾರೆ ಓಣಿಯವರ ಕಡೆ ಕರಕೊಂಡು ಹೋಗಿದ್ದ, ಬಾಜೂಕ ಕೂತೇ ಇದ್ದ. ಅವ್ವನ ಓಣಿಯವರು ಯಾರೂ ಉಳಿದಿಲ್ಲ ಅಂದ."

ಗುರಮ್ಮಕ್ಕ ನನ್ನ ಫೋನು ಇಸಿದುಕೊಂಡು ಹೊಸ ಊರಿನ ಸರಪಂಚನಿಗೆ ಹಚ್ಚಿದಳು. ಆ ಓಣಿಯವರು ಯಾರಾದರೂ ಎಲ್ಲಿಯಾದರೂ ಇದ್ದಾರೆಯೇ ಎಂದು ವಿಚಾರಿಸಿ, ಸೋಲಾಪುರದ ಒಂದು ನಂಬರು ಬರೆದುಕೊಂಡಳು. ಬಾಲ್ಕನಿಗೆ ಹೋಗಿ ಅಲ್ಲಿಗೆ ಮಾತಾಡಿ ಬಂದಾಗ ಅವಳ ಮುಖ ಭಾರವಾಗಿತ್ತು. ಎಲ್ಲರನ್ನೂ ಮೇಲೆ ಕರೆಯಲು ಹೇಳಿದಳು. ಸೂರ್ಯಕಾಂತ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದ.

ಎಲ್ಲರೂ ಚಿತ್ರಗಳ ನಡುವೆ ಚಾಪೆಯ ಮೇಲೆ ಕುಳಿತೆವು.

"ಮೊದಲ ಈ ಮಾಯಾ," ಎಂದಳು ಗುರಮ್ಮಕ್ಕ. "ಕೂಸು ಕಣ್ಣ ಮುಂದ ಬೆಳ್ಳಗಾತು. ನೀರಾಗ ಕಲಿಸಿದ ವಿಭೂತಿ ಹಚ್ಚಿದಾಗ ಕಾಣಂಗಿಲ್ಲ, ಒಣಗಿದಾಗ ಬೆಳ್ಳಗ ಮೂಡ್ತದ. ಮುಂಜಾನೆ ಹಣಿಗೆ ಹಚ್ಚಿಕೊಳ್ಳೂ ನಮಗೆ ಇದು ಗೊತ್ತಿಲ್ಲೇನು? ಗೊತ್ತದ. ಆದ್ರ ಕಾಗದದ ಮ್ಯಾಲ ನೋಡಿದ್ರ ಅಂಜತೀವಿ. ಅಮೃತಪ್ಪಗ ಇದು ಹುಲಿ ಪಂಜಾ ಕಂಡದ. ಇದು ಮೂರು ಬೆರಳು. ಏನರ ಮುಚ್ಚಬೇಕಂತ ವಿಭೂತಿ ತಗೊಂಡ ಕೈ, ತನಗ ತಿಳೀದೇ ಹಣಿಗೆ ಎಳದಂಗ ಎಳದದ."

ನನ್ನ ಕಡೆ ಯಾರೂ ನೋಡದಿದ್ದರೆ ಸಾಕೆನಿಸಿತು.

"ನಿಲೇಶ ಆಗಿದ್ರ ಕೈಗೆ ಪೆನ್ಸಿಲ್, ಬಿಳಿ ಬಣ್ಣ ಬರ್ತಿತ್ತು. ಅಂಜನಾಬಾಯಿ ಮುಟ್ಟಿದ್ದರ ಕಾಗದಕ್ಕ ಹಳದಿ ಹತ್ತದೇ ಇರತಿರಲಿಲ್ಲ. ಸೂರ್ಯಕಾಂತ ಉಣ್ಣಲಿಕ್ಕೆ ಕೂತಿದ್ದ, ಅವನ ಪೂಜಾ ಮುಂಜಾನೇನೇ ಮುಗೀತದ. ಪ್ರಾಜಕ್ತಾ ಬಂದಾಗ ವಿಭೂತಿ ಇನ್ನೂ ಹಸಿ ಇತ್ತು. ಅಂದ್ರ ಆಗಷ್ಟೇ ಹಚ್ಚಿದ್ದು. ಆ ಹೊತ್ತಿನ್ಯಾಗ ಈ ಮನ್ಯಾಗ ಹಸಿ ವಿಭೂತಿ ಇದ್ದದ್ದು ಒಬ್ಬರ ಬೆರಳಿನ್ಯಾಗ. ಕಣ್ಣಿಗೆ ಹಚ್ಚಿದ್ದು ತುಪ್ಪದ ದೀಪದ ಕಾಡಿಗಿ. ಅದೂ ಅದೇ ಕ್ವಾಣ್ಯಾಂದು."

ಎಲ್ಲರ ಕಣ್ಣು ಮಾಣಿಕಬಾಯಿಯ ಕಡೆ ತಿರುಗಿದವು. ಪ್ರಾಜಕ್ತಾ ಚಾಪೆಯ ಮೇಲೆಯೇ ಹಿಂದೆ ಸರಿದಳು. "ಮಾಮಿ, ನನ್ನ ಯಾಕ ಕೊಲ್ಲಬೇಕಂತಿ?" ಎಂದಳು. ಆ ಪ್ರಶ್ನೆ ಕೇಳಿ ನನಗೆ ಅಳು ಬಂತು.

"ಕೊಲ್ಲಾವರು ಹಿಂಗ ಮಾಡಂಗಿಲ್ಲ," ಗುರಮ್ಮಕ್ಕ ತಡೆದಳು. "ನೋಡು, ತಾಯಿ ಬೆರಳು ಒಂದೂ ಕೆಡದಂಗ ಕೂಸಿನ್ನಷ್ಟೇ ಮುಚ್ಯಾಳ. ಇಲ್ಲದ ಕಣ್ಣು ಬರದಾಳ, ಇರದ ಕೂಸು ತಗದಾಳ. ತಪ್ಪಿದ್ರ ತಿದ್ರಿ ಅಂತ ನೀನೇ ಎಲ್ಲರಿಗೂ ಹೇಳಿದ್ದಿ. ಆಕಿ ತಿದ್ಯಾಳ. ಸೋಲಾಪುರದಾಗ ಆ ಓಣಿಯ ಹೆಣ್ಣುಮಗಳು ಒಬ್ಬಾಕಿ ಅದಾಳ, ಐತವಾರ ಬರ್ತಾಳಂತ. ಮಂಗಲಾಗ ಮಕ್ಕಳಿರಲಿಲ್ಲ ಅಂದ್ಲು."

ಮಾಣಿಕಬಾಯಿ ನೆಲ ನೋಡುತ್ತ ಮಾತಾಡಿದಳು.

"ಬಾಯಿ ಬಿಡಂಗಿಲ್ಲಂತ ಲಿಂಗ ಮುಟ್ಟಿ ಆಣಿ ಮಾಡೀನಿ. ಐತವಾರ ಆ ಮಂದಿ ಎಲ್ಲಾ ಬಂದು, ಚಿತ್ರ ನೋಡಿ, ಮಂಗಲಾಗ ಕೂಸೆಲ್ಲಿತ್ತು ಅಂತ ಸಭಾದಾಗ ನಕ್ಕರ, ಹುಡುಗಿ ಅಲ್ಲೇ ನಿಂತು ಕೇಳಬೇಕಿತ್ತು. ಕೂಸು ಇರದ ಚಿತ್ರ ಹೋಗಲಿ ಅಂದೆ. ಕಣ್ಣು ಮಾತ್ರ... ಮಂಗಲಾ ನನ್ನ ಗೆಳತಿ. ಆಕಿಗೆ ಹಬ್ಬಕ್ಕ ಕಾಡಿಗಿ ಹಚ್ಚಾಕಿ ನಾನೇ. ಕುರುಡಿ ಹಂಗ ಹಗ್ಗಕ್ಕ ಜೋತುಬಿದ್ದಿದ್ದು ನೋಡಲಿಕ್ಕಾಗಲಿಲ್ಲ. ನೀ ಇಷ್ಟು ಅಂಜತೀ ಅಂತ ತಿಳೀಲಿಲ್ಲ, ಮಗಳೇ."

"ಹಂಗಾರ ನಾ ಯಾರಾಕಿ?"

ಅವಳು ಕೇಳಿದ್ದು ಮಾಮಿಯನ್ನಲ್ಲ, ಮಾಮನನ್ನು.

"ಭೂಕಂಪ ಆದ ದಿನ ಮಧ್ಯಾಹ್ನ ಹೋಗಿ ಮುಟ್ಟಿದೆ," ಎಂದ ಸೂರ್ಯಕಾಂತ. "ತಂಗಿ ನನ್ನ ಸಂಗಟ ಜಗಳಾಡಿ ಎರಡು ವರ್ಷ ತವರಿಗೆ ಬಂದಿರಲಿಲ್ಲ. ಹೆಣ ತಗದೆ. ಹೊಳ್ಳಿ ಬರೂವಾಗ ಸಂದ್ಯಾಗ ಬೋರಲು ಬಿದ್ದ ಕಣಜದ ಬುಟ್ಟಿ ಬುಡಕ ಒಂದು ಕೂಸು ಅಳ್ತಿತ್ತು. ಕೈಯಾಗ ಕರಿ ಉಣ್ಣಿ ದಾರ, ಅದಕ್ಕ ಭಂಡಾರ. ಕುರಿಯವರ ಕೂಸು. ನಮಗ ಮಕ್ಕಳಿಲ್ಲ. ಎತ್ತಿಕೊಂಡೆ. ಪ್ಯಾಟಿ ಮಂದಿಗೆ ತಂಗಿ ಮಗಳು ಅಂತ ಹೇಳಿದೆ."

ಅಂಜನಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು.

"ನಮ್ಮವರನ್ನ ಹುಡುಕಿದ್ದೇನು, ಮಾಮಾ?"

"ಇಲ್ಲ. ಕಳಕೊಂಡ ಮಕ್ಕಳ ಗುರುತು ಸ್ಪೀಕರಿನ್ಯಾಗ ಕೂಗಿ ಹೇಳಲಿಕತ್ತಿದ್ರು. ನಾ ನಿನ್ನ ಕಿವಿ ಮುಚ್ಚಿ, ನನ್ನ ಕಿವೀ ಕೇಳಬಾರದಂತ ಓಡಿ ಬಂದೆ. ಸಿಕ್ಕಾರು ಅಂತ ಅಂಜಿದೆ. ಇಪ್ಪತ್ತೈದು ವರ್ಷ ಅದೇ ಅಂಜಿಕಿ. ಈಗ ನೀ ಹೋಗ್ತೀ," ಎಂದ.

ಅಷ್ಟು ದಿನ ಆ ಮನೆಯಲ್ಲಿ ಹೆಚ್ಚು ಹೆದರಿದವನು ಯಾರೆಂದು ನನಗೆ ಆಗ ತಿಳಿಯಿತು. ಪ್ರಾಜಕ್ತಾ ಎದ್ದು ಬಾಲ್ಕನಿಗೆ ಹೋದಳು. ಗುರಮ್ಮಕ್ಕ ನನ್ನ ತೋಳು ಹಿಡಿದು ಕೆಳಗಿಳಿಸಿದಳು. ಪತ್ತೆ ಹಚ್ಚಿದ ಸಂತೋಷ ಆಕೆಯ ಮುಖದಲ್ಲಿರಲಿಲ್ಲ.

ಮುಂದಿನ ನಾಲ್ಕು ದಿನ ಆ ಹುಡುಗಿ ಸೂರ್ಯಕಾಂತನೊಂದಿಗೆ ಒಂದು ಮಾತೂ ಆಡಲಿಲ್ಲವಂತೆ. ಭಾನುವಾರ ಚಿತ್ರಗಳಿಗೆಲ್ಲ ಕಟ್ಟು ಹಾಕಿ ನಾನೇ ಟೆಂಪೋದಲ್ಲಿ ಒಯ್ದೆ. ಮಂಗಲಾ ಕಣ್ಣು ತೆರೆದೇ ಇದ್ದಳು, ಮಡಿಲು ಖಾಲಿ. ಪಕ್ಕದಲ್ಲಿ ಪ್ರಾಜಕ್ತಾ ಒಂದು ಹೊಸ ಚಿತ್ರ ತೂಗುಹಾಕಿದ್ದಳು. ಬುಟ್ಟಿಯ ಕೆಳಗೆ ಒಂದು ಕೂಸು, ಮಣಿಕಟ್ಟಿಗೆ ಕರಿ ದಾರ. ಮಾಮಿಯ ಕೈಲಿ ಹೇಳಿಸಿ ಅದರ ಮುಂದೆ ನಿಲ್ಲಿಸಿದ್ದು ಸೂರ್ಯಕಾಂತನನ್ನು. ಕಂಬಳಿ ಹೊದ್ದವರು ಯಾರು ಬಂದರೂ ಅವನು ಕೈಮುಗಿದು, "ಈ ಕೂಸು ಆವತ್ತು ನಾ ಒಯ್ದೀನ್ರಿ. ನಿಮ್ಮವರದೇನು?" ಎಂದು ಕೇಳುತ್ತಿದ್ದ. ಅವರು ನೋಡಿ, ತಲೆಯಾಡಿಸಿ, ಮುಂದೆ ಹೋಗುತ್ತಿದ್ದರು. ಸಂಜೆಯವರೆಗೂ ಯಾರೂ ಹೌದೆನ್ನಲಿಲ್ಲ.

ಹೊರಳಿ ಬರುವಾಗ ಟೆಂಪೋದ ಹಿಂದೆ ಚಿತ್ರಗಳ ನಡುವೆ ಎಲ್ಲರೂ ಮುದುಡಿ ಕುಳಿತಿದ್ದೆವು. ನಿಲಂಗಾ ದಾಟಿದ ಮೇಲೆ ಪ್ರಾಜಕ್ತಾ ಮೊದಲ ಸಲ ಮಾಮನ ಕಡೆ ತಿರುಗಿದಳು.

"ನಾಳೆ ಗುಂಜೋಟಿಗೆ ಹೋಗೂಣು, ಮಾಮಾ. ಅಲ್ಲಿ ಕುರಿಯವರು ಭಾಳ ಮಂದಿ ಅದಾರಂತ. ನೀನೇ ಕೇಳಬೇಕು."

ಸೂರ್ಯಕಾಂತ ಹೂಂ ಎಂದ. ಕೂಸಿನ ಚಿತ್ರದ ಕಟ್ಟನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡ. ಅದನ್ನು ಅವಳೂ ಕಂಡಳು.

"ಸಿಗಲಿ, ಸಿಗದಿರಲಿ," ಎಂದಳು, "ಸಂಜಿಗೆ ಮನಿಗೇ ಬರೂಣು."