ನಲವತ್ತು ನಿಮಿಷದ ಕಳವು

"ಎರಡು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಹಿಡಿದಿದೆ ಅಂದ್ರೆ ಅವಳ ಮನೆ ಲೈನು ದರಿದ್ರದ್ದು ಅಂತ ಅರ್ಥ, ಅಷ್ಟೇ! ಅದ್ರಲ್ಲಿ ಪತ್ತೆ ಮಾಡೋದೇನಿದೆ, ಲೈನಕ್ಕ?"

ಮಾಲೀಕರು ಮೇಜು ಕುಟ್ಟಿದ ರಭಸಕ್ಕೆ ಪೆನ್ಸಿಲುಗಳು ಉರುಳಿ ಬಿದ್ದವು. ಹೆಕ್ಕಲು ಬಗ್ಗಿದವನು ಲೈನಕ್ಕನ ತಮ್ಮ. ಸುಮ್ಮನೆ ಕೂರಲಾರದವನಿಗೆ ಅದೂ ಒಂದು ಕೆಲಸವಾಯಿತು. ಬೆಳಗ್ಗೆಯಿಂದ ಅವನ ಕಾಲು ನಿಂತಲ್ಲಿ ನಿಂತಿರಲಿಲ್ಲ. ಸಂಜೆ ಐದಕ್ಕೆ ನಕ್ಷೆಗಾರ್ತಿಯನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ಸಹಿ ಬೀಳಲಿತ್ತು, ಆಗಲೇ ಮೂರೂವರೆ.

ಆ ಕಚೇರಿಯಲ್ಲಿ ತಯಾರಾಗುತ್ತಿದ್ದುದು ಸೇತುವೆಗಳ ನಕ್ಷೆ. ಐದು ತಿಂಗಳು ಬೆನ್ನು ಬಗ್ಗಿಸಿ ನಕ್ಷೆಗಾರ್ತಿ ರಚಿಸಿದ್ದ ಕಾಲುಸೇತುವೆ, ಸ್ಪರ್ಧೆಗೆ ಹೋಗುವ ಮೊದಲೇ ಪಕ್ಕದ ಬೀದಿಯ ಎದುರಾಳಿ ಕಚೇರಿಯ ಹೆಸರಿನಲ್ಲಿ ಹೊರಬಿದ್ದಿತ್ತು. ಆರುನೂರು ಎಂಬಿಯ ಆ ಫೈಲನ್ನು ಭಾನುವಾರ ಬೆಳಗ್ಗೆ ಯಾರೋ ಹೊರಗಿನಿಂದ, ನಲವತ್ತು ನಿಮಿಷ ಹಿಡಿದು, ಇಳಿಸಿಕೊಂಡಿದ್ದರು. ಅದೂ ನಕ್ಷೆಗಾರ್ತಿಯ ಹೆಸರಿನಲ್ಲಿ, ಅವಳದೇ ಪಾಸ್‌ವರ್ಡ್ ಹಾಕಿ. ಎಲ್ಲಿಂದ ಎಂಬುದನ್ನು ಕಚೇರಿಯ ಫೈಲುಗಳನ್ನಿಟ್ಟಿದ್ದ ಹಳೇ ಯಂತ್ರ ಬರೆದಿಡುತ್ತಿರಲಿಲ್ಲ.

ಲೈನಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿ ಸವೆಸಿದವಳು. ನಿವೃತ್ತಳಾದ ಮೇಲೆ ಇಂಟರ್ನೆಟ್ಟಿನ ಗುಟ್ಟುಗಳನ್ನೂ ತಾನೇ ಕೆದಕಿ ಕಲಿತಿದ್ದಳು. ಸುತ್ತಮುತ್ತ ಏನು ಕಳುವಾದರೂ ಜನ ಅವಳ ಬಾಗಿಲು ತಟ್ಟುತ್ತಿದ್ದರು. ಈ ಸಲ ತಟ್ಟಿದವಳು ನಕ್ಷೆಗಾರ್ತಿ.

"ನಿನ್ನ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತಮ್ಮ?"

"ಮಾಡಿಕೊಟ್ಟೋರಿಗೆ." ನಕ್ಷೆಗಾರ್ತಿ ಕಿಟಕಿಯ ಬಳಿ ನಿಂತಿದ್ದ ಮಾಲೀಕರ ಭಾವಮೈದನ ಕಡೆ ನೋಡಿದಳು. ಕಚೇರಿಯ ಕಂಪ್ಯೂಟರುಗಳೆಲ್ಲ ಅವನ ಸುಪರ್ದಿನಲ್ಲಿದ್ದವು.

ಅವನು ನಕ್ಕ. "ನಾನಾ? ಆ ಭಾನುವಾರ ಏಳು ಸಮುದ್ರದಾಚೆ ಇದ್ದೆ ಅಕ್ಕಾ. ವಾಪಸ್ ಬಂದಿದ್ದೇ ಮಂಗಳವಾರ. ಭಾವನ್ನೇ ಕೇಳಿ."

"ಅಲ್ಲಿನ ಗಿರಾಕಿ ಹತ್ರ ನಾನೇ ಕಳಿಸಿದ್ದು," ಅಂದರು ಮಾಲೀಕರು. "ಆ ಗಿರಾಕಿದೂ ಒಂದು ಗೋಳು. ಲೈನಿನ ವೇಗ ಡಬಲ್ ಮಾಡಿಸ್ದೆ, ಆದ್ರೂ ಅಲ್ಲಿಗೆ ಫೈಲು ಹೋಗೋದು ಬಸವನಹುಳು ಥರಾನೇ."

ಲೈನಕ್ಕ ತಲೆಯೆತ್ತಿದಳು. "ಡಬಲ್ ಮಾಡಿದ್ರೂ ಅಷ್ಟೇನಾ?"

"ಕೂದಲೆಳೆಯಷ್ಟೂ ಬದಲಾಗ್ಲಿಲ್ಲ."

ಅವಳು ಕಳುವಿನ ದಾಖಲೆ ತೆಗೆಸಿ ನೋಡಿದಳು. ನಲವತ್ತು ನಿಮಿಷವೂ ಸೆಕೆಂಡಿಗೆ ಇನ್ನೂರ ಐವತ್ತಾರು ಕೆಬಿ, ಏರಿಲ್ಲ, ಇಳಿದಿಲ್ಲ. ಆಮೇಲೆ ಯಂತ್ರದ ಸೆಟ್ಟಿಂಗು ನೋಡಿ ಚೀಟಿಯ ಮೇಲೆ ಅರವತ್ತನಾಲ್ಕು ಎಂದು ಬರೆದಳು.

"ಏನಕ್ಕ ಅದು? ಬಾಯಿ ಬಿಟ್ಟು ಹೇಳಬಾರ್ದಾ? ನಾಲ್ಕು ಹೊಡೀತು!" ಎಂದ ತಮ್ಮ.

"ನಿನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಕಣೋ. ಇವಳ ಜೊತೆ ಇವಳ ಮನೆಗೆ ಹೋಗು. ಅದೇ ಫೈಲು ಇಳಿಸ್ಕೊಳ್ಲಿ, ನೀನು ಗಡಿಯಾರ ನೋಡ್ತಿರು."

ಮನೆ ಎರಡು ಬೀದಿ ಆಚೆ. ತಮ್ಮ ಏದುಸಿರು ಬಿಡುತ್ತ ಅವಳೊಂದಿಗೆ ಮರಳಿದಾಗ ನಾಲ್ಕೂವರೆ ದಾಟಿತ್ತು. "ಒಂದೂ ಮುಕ್ಕಾಲು ನಿಮಿಷ!"

ಲೈನಕ್ಕ ಎಲ್ಲರನ್ನೂ ಮಾಲೀಕರ ಕೋಣೆಗೆ ಕರೆದಳು.

"ಮಗೂಗೆ ಕತೆ ಹೇಳೋವಾಗ ಒಂದು ತುಂಡು ಹೇಳಿ ನಿಲ್ಲಿಸ್ತೀವಿ. ಅದು ಹೂಂ ಅಂದ್ರೇನೇ ಮುಂದಿನದು. ನಿಮ್ಮ ಹಳೇ ಯಂತ್ರಾನೂ ಹಾಗೇ. ಅರವತ್ನಾಲ್ಕು ಕೆಬಿ ಕಳಿಸಿ ಬಾಯಿ ಮುಚ್ಕೊಂಡು ಕೂರುತ್ತೆ, ಆ ಕಡೆಯಿಂದ ಹೂಂ ಬರೋವರೆಗೂ. ಆ ತುಂಡಿನ ಅಳತೆಗೆ ಟಿಸಿಪಿ ವಿಂಡೋ ಅಂತಾರೆ. ಲೈನು ಎಷ್ಟು ಅಗಲ ಮಾಡಿಸಿದ್ರೂ ಹೂಂ ಬರೋ ಹೊತ್ತು ಕಮ್ಮಿಯಾಗಲ್ಲ. ನಿಮ್ಮ ಡಬಲ್ ವೇಗ ನೀರಲ್ಲಿ ಮಾಡಿದ ಹೋಮ."

"ಅದಕ್ಕೂ ಕಳ್ಳತನಕ್ಕೂ ಏನು ಸಂಬಂಧ?" ಅಂದರು ಮಾಲೀಕರು.

"ಸೆಕೆಂಡಿಗೆ ಇನ್ನೂರ ಐವತ್ತಾರು ಅಂದ್ರೆ ಅರವತ್ನಾಲ್ಕರ ನಾಲ್ಕು ತುಂಡು. ಒಂದೊಂದು ಹೂಂಗೆ ಕಾಲು ಸೆಕೆಂಡು. ಎರಡು ಬೀದಿ ಆಚೆಯಿಂದ ಹೂಂ ಬರೋಕೆ ಅದರ ಇಪ್ಪತ್ತರಲ್ಲೊಂದು ಪಾಲು ಸಾಕು. ಈಗ ತಾನೇ ನೋಡಿದ್ವಲ್ಲ."

"ಆವತ್ತು ಅವಳ ಲೈನು ಕೆಟ್ಟಿದ್ರೆ?"

"ಕೆಟ್ಟ ಲೈನು ಕುಂಟುತ್ತೆ, ಏಳುತ್ತೆ, ಬೀಳುತ್ತೆ. ಇದು ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗಿದೆ. ಇದು ಕೆಟ್ಟ ಲೈನಲ್ಲ, ದೂರದ ಲೈನು. ಪಾಸ್‌ವರ್ಡ್ ಗೊತ್ತಿದ್ದೋರು ಇಬ್ರು. ಭಾನುವಾರ ಅಷ್ಟು ದೂರ ಇದ್ದೋರು ಒಬ್ರು."

ಭಾವಮೈದನ ಮುಖ ಸುಟ್ಟ ಬದನೆಕಾಯಿಯಾಯಿತು. "ದೂರ ಅಂದ್ರೆ... ಅಷ್ಟೇನೂ..."

"ಏಳು ಸಮುದ್ರ ಅಂತ ನೀನೇ ಅಂದ್ಯಲ್ಲಪ್ಪಾ."

ಅವನು ಕುರ್ಚಿಯಲ್ಲಿ ಕುಸಿದ. "ಪಕ್ಕದ ಬೀದಿಯೋರು ನನ್ನ ಪಾಲುದಾರ ಮಾಡ್ಕೋತೀವಿ ಅಂದ್ರು ಭಾವ. ಇಲ್ಲಿ ನಾನು ಯಾವತ್ತಿದ್ರೂ ಹೆಂಡತಿ ತಮ್ಮ ತಾನೇ?"

ಲೈನಕ್ಕನ ತಮ್ಮನ ಕಾಲು ಆ ದಿನ ಮೊದಲ ಬಾರಿಗೆ ಅಲ್ಲಾಡದೆ ನಿಂತಿತು. ಮಾಲೀಕರು ಸಹಿಯಿಲ್ಲದ ಪತ್ರವನ್ನು ಹರಿದು ನಕ್ಷೆಗಾರ್ತಿಯತ್ತ ತಿರುಗಿದರು. "ತಪ್ಪಾಯ್ತಮ್ಮ."

"ಕಳ್ಳಿ ಅಂದಿದ್ದು ಹೊರಗೆ, ಎಲ್ಲರ ಮುಂದೆ ಸರ್," ಎಂದಳು ಅವಳು. "ಇದನ್ನೂ ಅಲ್ಲೇ ಹೇಳಿ."

ಮಾಲೀಕರು ಎದ್ದು ಬಾಗಿಲು ತೆರೆದರು. ಹೊರಗೆ ಹನ್ನೆರಡು ತಲೆಗಳು ಕಂಪ್ಯೂಟರಿನಿಂದ ಒಟ್ಟಿಗೆ ಮೇಲೆದ್ದವು.